ಡಾಂಬರು ಮುಗಿದ ಮೇಲೆ ಜಿಪಿಎಸ್: ದಾರಿ ಎಳೆಯುವುದರಿಂದ ಜಾಡು ಹಿಡಿಯುವವರೆಗೆ

ಡಾಂಬರು ರಸ್ತೆಯಲ್ಲಿ ಜಿಪಿಎಸ್‌ಗೆ ಹೋಗಬೇಕಾದ ಜಾಗದ ಹೆಸರು ಕೊಟ್ಟರೆ ಸಾಕು. ದಾರಿ ಹುಡುಕುವುದು, ತಿರುವು ಬಂದಾಗ ಎಚ್ಚರಿಸುವುದು, ತಪ್ಪಿದರೆ ಬೇರೆ ದಾರಿ ಹೊಂದಿಸುವುದು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಮಣ್ಣಿನ ದಾರಿಗೆ ಇಳಿಯುವಾಗ ಈ ಅಭ್ಯಾಸವನ್ನು ಡಾಂಬರಿನ ಅಂಚಿನಲ್ಲೇ ಬಿಟ್ಟು ಹೋಗಬೇಕು. ಅಲ್ಲಿ ದಾರಿ ಆರಿಸುವ ಕೆಲಸ ನಿಮ್ಮದು. ನೀವು ಆರಿಸಿದ್ದನ್ನು ನೆನಪಿಟ್ಟುಕೊಂಡು ತೋರಿಸುವುದಷ್ಟೇ ಯಂತ್ರದ ಕೆಲಸ.

ನಾನಿದನ್ನು ಕಲಿತದ್ದು ಒಂದು ಇಡೀ ಬೆಳಗ್ಗೆ ಕಳೆದುಕೊಂಡು. ಎರಡು ಸಂಜೆ ಕೂತು ಗುಡ್ಡಗಳ ನಡುವಿನ ಬಂಡಿದಾರಿಯೊಂದನ್ನು ಕಂಪ್ಯೂಟರಿನಲ್ಲಿ ಗುರುತಿಸಿದ್ದೆ. ಅದನ್ನು ರೂಟ್ ಆಗಿ ಉಳಿಸಿ, ಸಾಧನಕ್ಕೆ ಹಾಕಿಕೊಂಡು ಹೊರಟೆ. ಆರಂಭಿಸು ಎಂದು ಒತ್ತಿದಾಗ ಅದು ಒಂದೆರಡು ಸೆಕೆಂಡು ಲೆಕ್ಕ ಹಾಕಿತು. ಆ ಲೆಕ್ಕ ಏನೆಂದು ನಾನು ಕೇಳಿಕೊಳ್ಳಲಿಲ್ಲ. ಸಾಧನದೊಳಗಿನ ನಕ್ಷೆಯಲ್ಲಿ ನನ್ನ ಬಂಡಿದಾರಿಯೇ ಇರಲಿಲ್ಲ, ಹಾಗಾಗಿ ನಾನಿಟ್ಟ ಬಿಂದುಗಳನ್ನು ಅದು ತನಗೆ ಗೊತ್ತಿದ್ದ ರಸ್ತೆಗಳ ಮೇಲೆ ಜೋಡಿಸಿಕೊಂಡಿತ್ತು. ಬಲಕ್ಕೆ ಇರಬೇಕಾದ ಹಳ್ಳ ಎಡಕ್ಕೆ ಬಂದಾಗ ನನಗೆ ವಿಷಯ ಗೊತ್ತಾಯಿತು. ಸಾಧನ ಕೆಟ್ಟಿರಲಿಲ್ಲ, ರೂಟ್ ಮತ್ತು ಟ್ರ್ಯಾಕ್ ಎರಡೂ ಒಂದೇ ಎಂದು ನಾನು ತಿಳಿದಿದ್ದೆ.

ಮೂರು ಪದಗಳು ಮೊದಲು ಬೇರೆಯಾಗಲಿ

ವೇಪಾಯಿಂಟ್ ಎಂದರೆ ಹೆಸರಿಟ್ಟ ಒಂದು ಜಾಗ: ಕವಲು, ನೀರಿನ ಜಾಗ, ಹಳ್ಳ ದಾಟುವ ಕಡೆ, ಗಾಡಿ ನಿಲ್ಲಿಸಿದ ಬಯಲು.

ರೂಟ್ ಎಂದರೆ ಕೆಲವೇ ಬಿಂದುಗಳ ಸರಣಿ. ಆ ಬಿಂದುಗಳ ನಡುವೆ ಹೇಗೆ ಹೋಗಬೇಕೆಂಬುದನ್ನು ಸಾಧನ ತನ್ನ ನಕ್ಷೆ ನೋಡಿ ತಾನೇ ತೀರ್ಮಾನಿಸುತ್ತದೆ, ಇಲ್ಲವೇ ನೇರ ಗೆರೆ ಎಳೆಯುತ್ತದೆ. ಒಂದೇ ರೂಟ್ ಫೈಲು ಎರಡು ಸಾಧನಗಳಲ್ಲಿ ಎರಡು ದಾರಿ ತೋರಿಸಬಹುದು.

ಟ್ರ್ಯಾಕ್ ಎಂದರೆ ಜಾಡು. ನೂರಾರು, ಕೆಲವೊಮ್ಮೆ ಸಾವಿರಾರು ಬಿಂದುಗಳನ್ನು ಒತ್ತೊತ್ತಾಗಿ ಸೇರಿಸಿದ ಗೆರೆ. ಸಾಧನ ಅದನ್ನು ಇದ್ದ ಹಾಗೆಯೇ ತೋರಿಸುತ್ತದೆ, ತಿದ್ದುವುದಿಲ್ಲ. ನಕ್ಷೆಯಲ್ಲಿ ದಾರಿ ಇಲ್ಲದಿದ್ದರೂ ಗೆರೆ ಇರುತ್ತದೆ. ಡಾಂಬರು ಬಿಟ್ಟ ದಾರಿಗೆ ನಾನು ಟ್ರ್ಯಾಕನ್ನು ಮಾತ್ರ ನಂಬುತ್ತೇನೆ. ಮಣ್ಣಿನ ದಾರಿ ಶುರುವಾಗುವ ಜಾಗದವರೆಗೆ ರೂಟ್ ಸಾಕು, ಅಲ್ಲಿಂದ ಮುಂದೆ ಟ್ರ್ಯಾಕ್.

ಈ ಮೂರನ್ನೂ ಒಂದೇ ಫೈಲಿನಲ್ಲಿ ಇಡಬಲ್ಲದ್ದು ಜಿಪಿಎಕ್ಸ್ ಮಾದರಿ. ಹೆಚ್ಚು ಕಡಿಮೆ ಎಲ್ಲ ಸಾಧನಗಳೂ ಆ್ಯಪ್‌ಗಳೂ ಅದನ್ನು ಓದುತ್ತವೆ. ಒಳಗೆ ಅದು ಬರಿಯ ಪಠ್ಯ, ತೆರೆದು ನೋಡಿದರೆ ಅಕ್ಷಾಂಶ ರೇಖಾಂಶಗಳ ಸಾಲುಗಳು ಕಾಣುತ್ತವೆ. ಯಾರಾದರೂ ಗೂಗಲ್ ಅರ್ತ್ ಬಳಸುವ ಕೆಎಂಎಲ್ ಮಾದರಿಯ ಫೈಲು ಕೊಟ್ಟರೆ ಮೊದಲು ಜಿಪಿಎಕ್ಸ್‌ಗೆ ಬದಲಾಯಿಸಿಕೊಳ್ಳಿ.

ಸಾಧನ ಯಾವುದು ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಕೈಯಲ್ಲಿ ಹಿಡಿಯುವ ಜಿಪಿಎಸ್ ಮಳೆ, ದೂಳು, ಕೆಳಗೆ ಬೀಳುವುದು ಎಲ್ಲವನ್ನೂ ತಾಳುತ್ತದೆ, ಬ್ಯಾಟರಿ ಬದಲಿಸಿಕೊಳ್ಳಬಹುದು. ಫೋನಿನ ಸ್ಕ್ರೀನ್ ದೊಡ್ಡದು, ನಕ್ಷೆ ಚೆನ್ನಾಗಿ ಕಾಣುತ್ತದೆ, ಆದರೆ ಬಿಸಿಲಿಗಿಟ್ಟರೆ ಕಾದು ಆಫ್ ಆಗಿಬಿಡುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಉಪಗ್ರಹದ ಸಂಕೇತಕ್ಕೆ ಸಿಮ್ ಬೇಕಿಲ್ಲ. ಏರ್‌ಪ್ಲೇನ್ ಮೋಡಿನಲ್ಲೂ ನಿಮ್ಮ ಜಾಗ ತಿಳಿಯುತ್ತದೆ. ಇಲ್ಲವಾಗುವುದು ನಕ್ಷೆ. ಆದ್ದರಿಂದ ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಇಂಟರ್ನೆಟ್ ಆಫ್ ಮಾಡಿ, ಅದು ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.

ಸೆಟ್ಟಿಂಗ್‌ಗಳಲ್ಲಿ ನೋಡಲೇಬೇಕಾದವು

ಮೊದಲನೆಯದು ಡೇಟಮ್. ಭೂಮಿಯ ಆಕಾರವನ್ನು ಲೆಕ್ಕಕ್ಕೆ ಹಿಡಿಯುವ ಚೌಕಟ್ಟು ಇದು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಹಳೆಯ ಮುದ್ರಿತ ನಕ್ಷೆಗಳು ಬೇರೆ ಡೇಟಮ್ ಮೇಲೆ ತಯಾರಾಗಿರುತ್ತವೆ. ಅಂಥ ನಕ್ಷೆಯಿಂದ ಅಕ್ಷಾಂಶ ರೇಖಾಂಶ ಓದಿ ಹಾಗೆಯೇ ಸಾಧನಕ್ಕೆ ಹಾಕಿದರೆ ಜಾಗ ನೂರಾರು ಮೀಟರ್ ಪಕ್ಕಕ್ಕೆ ಸರಿದಿರಬಹುದು. ಕಣಿವೆಯ ಯಾವ ದಂಡೆಯಲ್ಲಿ ಇದ್ದೀರಿ ಎಂಬುದೇ ಬದಲಾಗಲು ಅಷ್ಟು ಸಾಕು. ನಕ್ಷೆಯ ಅಂಚಿನಲ್ಲಿ ಡೇಟಮ್ ಹೆಸರು ಮುದ್ರಿಸಿರುತ್ತಾರೆ, ಓದಿಕೊಳ್ಳಿ.

ಎರಡನೆಯದು ಅಕ್ಷಾಂಶ ರೇಖಾಂಶ ಬರೆಯುವ ರೀತಿ. ಒಂದೇ ಜಾಗವನ್ನು ಡಿಗ್ರಿ–ಮಿನಿಟು–ಸೆಕೆಂಡಿನಲ್ಲಿ, ಡಿಗ್ರಿ–ಮಿನಿಟಿನಲ್ಲಿ, ಬರೀ ದಶಮಾಂಶ ಡಿಗ್ರಿಯಲ್ಲಿ ಬರೆಯಬಹುದು. 40 ಡಿಗ್ರಿ 30 ಮಿನಿಟು ಎಂದರೆ ದಶಮಾಂಶದಲ್ಲಿ 40.5, 40.30 ಅಲ್ಲ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಆ 0.2 ಡಿಗ್ರಿಯ ಗೊಂದಲದಿಂದ ನೀವು 22 ಕಿಲೋಮೀಟರ್ ಆಚೆ ಇರುತ್ತೀರಿ. ಗುಂಪಿನಲ್ಲಿ ಹೋಗುವವರೆಲ್ಲ ಒಂದೇ ರೀತಿಯನ್ನು ಇಟ್ಟುಕೊಳ್ಳಲಿ. ನಾನು ದಶಮಾಂಶ ಡಿಗ್ರಿ ಇಟ್ಟುಕೊಳ್ಳುತ್ತೇನೆ: ನಾಲ್ಕನೆಯ ಅಂಕೆಯವರೆಗೆ ಹೇಳಿದರೆ ಸುಮಾರು 11 ಮೀಟರ್ ನಿಖರತೆ, ಐದನೆಯದಕ್ಕೆ ಸುಮಾರು 1 ಮೀಟರ್.

ಮೂರನೆಯದಾಗಿ, ನೀವಿರುವ ಜಾಗ ತೋರಿಸುವ ಬಾಣವನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುವ ಸೌಲಭ್ಯವನ್ನು ಆಫ್ ಮಾಡಿ. ಪೇಟೆಯಲ್ಲಿ ಅದು ಒಳ್ಳೆಯದು. ಮಣ್ಣಿನ ದಾರಿಯಲ್ಲಿ ಅದು ನೀವು ಇಲ್ಲದ ಕಡೆ ನಿಮ್ಮನ್ನು ತೋರಿಸುತ್ತದೆ. ಹಾಗೆಯೇ ದಾರಿ ತಪ್ಪಿದಾಗ ತಾನಾಗಿ ಮರುಲೆಕ್ಕ ಹಾಕುವುದನ್ನೂ ಆಫ್ ಮಾಡಿ. ಟ್ರ್ಯಾಕ್ ದಾಖಲಾಗುವುದು ಮಾತ್ರ ಸದಾ ಆನ್ ಇರಲಿ.

ಮೇಜಿನ ಮುಂದೆ ಕೂತು ದಾರಿ ಎಳೆಯುವುದು

ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಮುಗಿಯಬೇಕು. ಬೇಸ್‌ಕ್ಯಾಂಪ್, ಕ್ಯೂಮ್ಯಾಪ್‌ಶ್ಯಾಕ್, ಓಸ್ಮ್ಯಾಂಡ್, ಗಾಯಾ ಜಿಪಿಎಸ್, ಹೀಗೆ ಸಾಕಷ್ಟು ತಂತ್ರಾಂಶಗಳಿವೆ. ಯಾವುದಾದರೂ ಸರಿ, ಆದರೆ ಒಂದೇ ನಕ್ಷೆಯನ್ನು ನೆಚ್ಚಿಕೊಂಡು ದಾರಿ ಎಳೆಯಬೇಡಿ. ಮೂರು ಬಗೆಯ ನಕ್ಷೆಗಳು ಮೂರು ಪ್ರಶ್ನೆಗೆ ಉತ್ತರ ಕೊಡುತ್ತವೆ.

ದಾರಿ ಇದೆಯೇ ಎಂಬುದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಿಂದ ಬಳಕೆದಾರರೇ ಸೇರಿ ಕಟ್ಟುತ್ತಿರುವ ಈ ನಕ್ಷೆಯಲ್ಲಿ ಮಣ್ಣಿನ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ದರ್ಜೆ ಇರುತ್ತದೆ. ಇದನ್ನು ಕಷ್ಟದ ಅಳತೆ ಎಂದು ಓದುವವರು ಬಹಳ. ಆದರೆ ಅದು ಹೇಳುವುದು ನೆಲ ಎಷ್ಟು ಗಟ್ಟಿ ಎಂಬುದನ್ನು: 1 ಎಂದರೆ ಗಟ್ಟಿ, 5 ಎಂದರೆ ಮೆತ್ತನೆಯ ಮಣ್ಣು, ಮರಳು, ಹುಲ್ಲು. ಗಟ್ಟಿ ಬಂಡೆಯ ಮೇಲಿನ ದಾರಿ ಒಳ್ಳೆಯ ದರ್ಜೆ ಪಡೆದೂ ಗಾಡಿಯ ಹೊಟ್ಟೆ ತಾಗುವಷ್ಟು ಮೆಟ್ಟಿಲು ಮೆಟ್ಟಿಲಾಗಿರಬಹುದು.

ಈಗಲೂ ಇದೆಯೇ ಎಂಬುದಕ್ಕೆ ಉಪಗ್ರಹ ಚಿತ್ರ. ಚಕ್ರದ ಎರಡು ಗೆರೆಗಳು ಸ್ಪಷ್ಟವಾಗಿದ್ದರೆ ದಾರಿ ಬಳಕೆಯಲ್ಲಿದೆ ಎಂದರ್ಥ. ನಡುವೆ ಪೊದೆ ಬೆಳೆದು ಮಸುಕಾಗಿದ್ದರೆ ಅನುಮಾನಿಸಿ. ಚಿತ್ರ ಯಾವ ತಿಂಗಳದ್ದು ಎಂದು ನೋಡುವುದನ್ನು ಮರೆಯಬೇಡಿ. ಒಣಗಾಲದ ಚಿತ್ರದಲ್ಲಿ ಬಿಳಿ ಮರಳಿನ ಪಟ್ಟಿಯಾಗಿ ಕಂಡದ್ದು ಮಳೆ ಬಂದಾಗ ದಾಟಲಾಗದ ತೊರೆ. ಗೂಗಲ್ ಅರ್ತ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಹಳೆಯ ಚಿತ್ರಗಳನ್ನೂ ತೆಗೆದು ನೋಡಬಹುದು. ಒಂದೇ ಹಳ್ಳವನ್ನು ಬೇರೆ ಬೇರೆ ಕಾಲದಲ್ಲಿ ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ.

ನನ್ನ ಗಾಡಿ ಹತ್ತುತ್ತದೆಯೇ ಎಂಬುದಕ್ಕೆ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಗೆರೆಗಳು ಒತ್ತೊತ್ತಾದರೆ ಕಡಿದು. 20 ಮೀಟರ್ ಅಂತರದ ಐದು ಅಂತರಗಳನ್ನು ದಾರಿ 500 ಮೀಟರಿನೊಳಗೆ ಏರಿದರೆ ಅದು 100 ಮೀಟರ್ ಏರು, ಅಂದರೆ ಶೇಕಡಾ 20. ಇದು ಸರಾಸರಿ, ನಡುವೆ ಇದಕ್ಕಿಂತ ಕಡಿದಾದ ತುಂಡು ಇದ್ದೇ ಇರುತ್ತದೆ. ಇನ್ನೊಂದು ವಿಷಯವನ್ನೂ ನೆನಪಿಡಿ. ಉಚಿತವಾಗಿ ಸಿಗುವ ಅನೇಕ ನಕ್ಷೆಗಳ ಎತ್ತರದ ಮಾಹಿತಿ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದದ್ದು. ಅದರ ಒಂದು ಚುಕ್ಕೆ ನೆಲದ ಮೇಲೆ ಸುಮಾರು 30 ಮೀಟರ್. ಅದಕ್ಕಿಂತ ಕಿರಿದಾದ ಕೊರಕಲು, ಮಳೆಗೆ ಕೊಚ್ಚಿಹೋದ ದಂಡೆ ಆ ಗೆರೆಗಳಲ್ಲಿ ಕಾಣುವುದೇ ಇಲ್ಲ. ಎತ್ತರದ ನಕ್ಷೆ ಗುಡ್ಡವನ್ನು ತೋರಿಸುತ್ತದೆ, ಗುಂಡಿಯನ್ನಲ್ಲ.

ಮೂರನ್ನೂ ನೋಡಿ ಆದ ಮೇಲೆ ಗೆರೆ ಎಳೆಯಿರಿ. ನೇರ ದಾರಿಯಲ್ಲಿ ಬಿಂದುಗಳು ವಿರಳವಾಗಿದ್ದರೆ ಸಾಕು, ತಿರುವುಗಳಲ್ಲಿ ಒತ್ತಾಗಿರಲಿ. ಗುಡ್ಡ ಹತ್ತುವ ಹಾವಿನಂಥ ತಿರುವುಗಳನ್ನು ಎರಡು ಬಿಂದುಗಳಲ್ಲಿ ಮುಗಿಸಿದರೆ, ಅಲ್ಲಿಗೆ ಹೋದಾಗ ಗೆರೆ ಇಳಿಜಾರಿನ ಮೇಲೆ ನೇರ ಹೋಗುತ್ತದೆ, ದಾರಿ ಅದರ ಅತ್ತ ಇತ್ತ ಬಳಸುತ್ತದೆ, ಕವಲು ಬಂದಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಈಗ ವೇಪಾಯಿಂಟ್‌ಗಳು. ದಾರಿ ತಪ್ಪಬಹುದಾದ ಪ್ರತಿ ಕವಲಿಗೂ ಒಂದು ಇಡಿ. ಹೆಸರು ಚಿಕ್ಕದಾಗಿರಲಿ, ಕ್ರಮಾಂಕದಿಂದ ಶುರುವಾಗಲಿ: 07 ಎಡ ಕವಲು, 08 ಹಳ್ಳ, 09 ಕಡಿದಾದ ಇಳಿತ. ಕ್ರಮಾಂಕ ಇದ್ದರೆ ಪಟ್ಟಿ ಓದಿಯೇ ಮುಂದಿನದು ಯಾವುದೆಂದು ಹೇಳಬಹುದು. ಸಾಧನ ಕನ್ನಡ ಅಕ್ಷರ ತೋರಿಸುತ್ತದೆಯೇ ಎಂದು ಒಂದು ಹೆಸರು ಹಾಕಿ ಮೊದಲೇ ನೋಡಿಕೊಳ್ಳಿ. ಕೆಲವು ಸಾಧನಗಳಲ್ಲಿ ಬರೀ ಚೌಕಗಳು ಬರುತ್ತವೆ.

ಇಷ್ಟೇ ಮುಖ್ಯವಾದದ್ದು ಬಿಟ್ಟುಬರುವ ದಾರಿಗಳು. ಟ್ರ್ಯಾಕಿನಿಂದ ಡಾಂಬರು ರಸ್ತೆಗೆ ಬೇಗ ಸೇರಿಸುವ ಅಡ್ಡದಾರಿಗಳನ್ನು ಹುಡುಕಿ ಬೇರೆ ಬಣ್ಣದಲ್ಲಿ ಎಳೆದಿಡಿ. ಗಾಡಿ ಕೆಟ್ಟಾಗ, ಯಾರಿಗಾದರೂ ಪೆಟ್ಟಾದಾಗ ಕೂತು ನಕ್ಷೆ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಕೊನೆಗೆ ಸಮಯದ ಲೆಕ್ಕ. ಕಲ್ಲು ಮಣ್ಣಿನ ದಾರಿಯಲ್ಲಿ ಗಂಟೆಗೆ 15 ಕಿಲೋಮೀಟರ್ ಎಂದು ಹಿಡಿದರೆ 60 ಕಿಲೋಮೀಟರಿಗೆ ಬರೀ ಚಲಿಸುವ ಸಮಯವೇ 4 ಗಂಟೆ. ಇಳಿದು ನೋಡುವುದು, ದಾರಿ ತಪ್ಪಿ ಮರಳುವುದು, ಊಟ ಸೇರಿದರೆ ಅದು ಇಡೀ ದಿನದ ಕೆಲಸ. ನಡುದಿನದ ಹೊತ್ತಿಗೆ ಯಾವ ವೇಪಾಯಿಂಟ್ ದಾಟಿರಬೇಕು ಎಂದು ಗುರುತು ಮಾಡಿಕೊಳ್ಳಿ, ದಾಟಿರದಿದ್ದರೆ ಯಾವ ಅಡ್ಡದಾರಿಯಿಂದ ಹೊರಬರಬೇಕು ಎಂಬುದನ್ನೂ ಮನೆಯಲ್ಲೇ ನಿಶ್ಚಯಿಸಿ.

ದಾರಿ ಖಾಸಗಿ ಜಮೀನಿನಲ್ಲಿ ಅಥವಾ ರಕ್ಷಿತ ಪ್ರದೇಶದಲ್ಲಿ ಹಾದುಹೋದರೆ ಅನುಮತಿ ಕೇಳುವ ಕಾಲವೂ ಇದೇ. ನಕ್ಷೆಯಲ್ಲಿ ಗೆರೆ ಇದೆ ಎಂದ ಮಾತ್ರಕ್ಕೆ ಹೋಗುವ ಹಕ್ಕು ಇದೆ ಎಂದಲ್ಲ.

ಬೇರೆಯವರ ಟ್ರ್ಯಾಕ್ ಇಳಿಸಿಕೊಂಡರೆ

ಯಾರೋ ಹೋಗಿಬಂದ ಟ್ರ್ಯಾಕ್ ಒಂದು ದಿನ, ಒಂದು ಗಾಡಿ, ಒಂದು ದಿಕ್ಕಿಗೆ ಸೇರಿದ್ದು. ಯಾವಾಗ ದಾಖಲಾದದ್ದು, ನಾಲ್ಕು ಚಕ್ರದ್ದೋ ಬೈಕಿನದ್ದೋ ಕಾಲ್ನಡಿಗೆಯದ್ದೋ, ಯಾವ ಕಡೆಯಿಂದ ಹೋದದ್ದು ಎಂದು ನೋಡಿ. ಜಿಪಿಎಕ್ಸ್‌ನ ಪ್ರತಿ ಬಿಂದುವಿನಲ್ಲೂ ಸಾಮಾನ್ಯವಾಗಿ ಸಮಯ ಇರುತ್ತದೆ, ಅದರಿಂದ ವೇಗ ತಿಳಿಯುತ್ತದೆ. 200 ಮೀಟರಿಗೆ ಅರ್ಧ ಗಂಟೆ ಹಿಡಿದಿದ್ದರೆ ಅಲ್ಲಿ ಏನೋ ಇತ್ತು. ಗೆರೆ ಮುಂದೆ ಹೋಗಿ ಅದೇ ದಾರಿಯಲ್ಲಿ ಮರಳಿದ್ದರೆ ಅವರು ದಾರಿ ತಪ್ಪಿದ್ದರು. ಆ ತುಂಡನ್ನು ಕತ್ತರಿಸಿ. ಒಂದೇ ಕಡೆ ಗಿಜಿಗಿಜಿ ಗೆರೆ ಇದ್ದರೆ ಅದು ನಿಂತಿದ್ದಾಗ ಜಿಪಿಎಸ್ ಅಲೆದಾಡಿದ ಗುರುತು, ಅದನ್ನೂ ತೆಗೆಯಿರಿ. ಅವರು ಇಳಿದ ಕಡೆ ನೀವು ಹತ್ತುವ ಯೋಚನೆಯಲ್ಲಿದ್ದರೆ ಆ ಏರನ್ನು ಹೊಸದಾಗಿ ಅಳೆದು ನೋಡಿ.

ಸಾಧನಕ್ಕೆ ಹಾಕಿ, ಅಲ್ಲೇ ತೆರೆದು ನೋಡಿ

ಫೈಲು ಹಾಕಿದ ಮೇಲೆ ಟ್ರ್ಯಾಕಿನ ಒಟ್ಟು ಉದ್ದವನ್ನು ಕಂಪ್ಯೂಟರಿನಲ್ಲೂ ಸಾಧನದಲ್ಲೂ ಹೋಲಿಸಿ. ಕಂಪ್ಯೂಟರಿನಲ್ಲಿ 64 ಕಿಲೋಮೀಟರ್, ಸಾಧನದಲ್ಲಿ 41 ಎಂದಿದ್ದರೆ ಬಾಲ ಕತ್ತರಿಸಿಹೋಗಿದೆ. ಹಳೆಯ ಕೆಲವು ಸಾಧನಗಳು ಉಳಿಸಿದ ಟ್ರ್ಯಾಕ್ ಒಂದರಲ್ಲಿ 500 ಬಿಂದುಗಳನ್ನಷ್ಟೇ ಇಟ್ಟುಕೊಳ್ಳುತ್ತವೆ, ಉಳಿದದ್ದನ್ನು ಬಿಟ್ಟುಬಿಡುತ್ತವೆ. ಆಗ ಟ್ರ್ಯಾಕನ್ನು ಎರಡು ಮೂರು ತುಂಡು ಮಾಡಿ ಹಾಕಿ, ಇಲ್ಲವೇ ತಂತ್ರಾಂಶದ ಫಿಲ್ಟರಿನಿಂದ ಬಿಂದುಗಳನ್ನು ಕಡಿಮೆ ಮಾಡಿ. ಕಡಿಮೆ ಮಾಡಿದ ಮೇಲೆ ತಿರುವುಗಳು ಉಳಿದಿವೆಯೇ ಎಂದು ದೊಡ್ಡದು ಮಾಡಿ ನೋಡಿ. ಟ್ರ್ಯಾಕಿನ ಬಣ್ಣವನ್ನು ನಕ್ಷೆಯಲ್ಲಿ ಇಲ್ಲದ ಬಣ್ಣಕ್ಕೆ ಬದಲಿಸಿ. ನೇರಳೆ ಗುಲಾಬಿ ಬಿಸಿಲಿನಲ್ಲೂ ಎದ್ದು ಕಾಣುತ್ತದೆ.

ಅದೇ ಫೈಲು ಇನ್ನೊಂದು ಸಾಧನದಲ್ಲಿ ಇರಲಿ. ಮುದ್ರಿತ ನಕ್ಷೆ, ದಿಕ್ಸೂಚಿ ಚೀಲದಲ್ಲಿರಲಿ. ಫೈಲಿನ ಪ್ರತಿಯನ್ನೂ ಮರಳುವ ಸಮಯವನ್ನೂ ಮನೆಯಲ್ಲಿ ಉಳಿಯುವ ಒಬ್ಬರಿಗೆ ಕೊಡಿ, ಎಷ್ಟು ತಡವಾದರೆ ಯಾರಿಗೆ ಹೇಳಬೇಕೆಂದು ಬರೆದುಕೊಡಿ.

ಹೊರಡುವ ಜಾಗದಲ್ಲಿ

ಸಾಧನವನ್ನು ಆನ್ ಮಾಡಿ ಬಯಲಿನಲ್ಲಿ ನಿಂತುಕೊಳ್ಳಿ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಜಾಗ ಮತ್ತು ಎತ್ತರ ಎರಡೂ ತಿಳಿಯಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ಬಹಳ ದಿನ ಮುಚ್ಚಿಟ್ಟ ಸಾಧನಕ್ಕೆ ಉಪಗ್ರಹಗಳ ಹೊಸ ಪಟ್ಟಿ ಪೂರ್ತಿ ಇಳಿಯಲು 12 ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಟೈರಿನ ಗಾಳಿ ಕಡಿಮೆ ಮಾಡಿಕೊಳ್ಳಿ, ಸಾಮಾನು ಬಿಗಿದುಕೊಳ್ಳಿ. ಜಾಗ ಸಿಕ್ಕಿದ ಮೇಲೆ ಹಳೆಯ ದಾಖಲೆ ಉಳಿಸಿ ಹೊಸದನ್ನು ಶುರು ಮಾಡಿ, ನಿಂತ ಜಾಗಕ್ಕೆ ವೇಪಾಯಿಂಟ್ ಹಾಕಿ. ಚಾರ್ಜಿನ ವೈರು ಕುಲುಕಾಟಕ್ಕೆ ಸಡಿಲಾಗದಂತೆ ಕಟ್ಟಿಕೊಳ್ಳಿ. ಚಳಿಯ ಪ್ರದೇಶವಾದರೆ ಸಾಮಾನ್ಯ ಆಲ್ಕಲೈನ್ ಸೆಲ್‌ಗಳು ಬೇಗ ಸೋಲುತ್ತವೆ, ಲಿಥಿಯಂ ಸೆಲ್ ತಾಳುತ್ತದೆ.

ಸಾಧನದಲ್ಲಿ ವಾಯುಭಾರದಿಂದ ಎತ್ತರ ಅಳೆಯುವ ಮಾಪಕವಿದ್ದರೆ, ಎತ್ತರ ಗೊತ್ತಿರುವ ಜಾಗದಲ್ಲಿ ಅದನ್ನು ಸರಿಹೊಂದಿಸಿ. ಇದರಿಂದ ಇನ್ನೊಂದು ಲಾಭವಿದೆ. ಸಮುದ್ರಮಟ್ಟದ ಸಮೀಪ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿದರೆ ಅದನ್ನು ಮಾಪಕ ಸುಮಾರು 8 ಮೀಟರ್ ಏರಿಕೆ ಎಂದು ಓದುತ್ತದೆ. ರಾತ್ರಿ ತಂಗಿದ ಜಾಗದಲ್ಲಿ ಕದಲದೆ ಇದ್ದೂ ಬೆಳಗ್ಗೆ ಎತ್ತರ 40 ಮೀಟರ್ ಹೆಚ್ಚಾಗಿ ಕಂಡರೆ ಒತ್ತಡ ಬಿದ್ದಿದೆ, ಹವೆ ಕೆಡುವ ಸೂಚನೆ. ಆ ದಿನ ಹಳ್ಳ ದಾಟುವ ಯೋಜನೆಯನ್ನು ಇನ್ನೊಮ್ಮೆ ಯೋಚಿಸಿ.

ಗೆರೆ ಹಿಡಿದು ಸಾಗುವುದು

ಸ್ಕ್ರೀನಿನಲ್ಲಿ ಮುಂದಿನ ಕವಲು ಮತ್ತು ಅದರಾಚೆಯ ಸ್ವಲ್ಪ ದಾರಿ ಕಾಣುವಷ್ಟು ಅಳತೆ ಇಟ್ಟುಕೊಳ್ಳಿ. ತೀರ ಹತ್ತಿರ ಮಾಡಿದರೆ ಬಾಣ ಮಾತ್ರ ಕಾಣುತ್ತದೆ, ದೂರ ಮಾಡಿದರೆ ಎರಡು ಕವಲುಗಳು ಒಂದಾಗಿ ಕಾಣುತ್ತವೆ. ಕವಲು ಬಂದಾಗ ನಿಧಾನಿಸಿ. ಮೊದಲು ನೆಲ ನೋಡಿ, ಆಮೇಲೆ ಸ್ಕ್ರೀನ್. ಒಂದು ಕವಲನ್ನು ಹಿಡಿದ ಮೇಲೆ 50–100 ಮೀಟರ್ ಹೋಗಿ ಬಾಣ ಗೆರೆಯ ಮೇಲಿದೆಯೇ, ಅಥವಾ ಗೆರೆಯಿಂದ ದೂರ ಸರಿಯುತ್ತಿದೆಯೇ ನೋಡಿ. ಕಿರಿದಾದ ಕೋನದಲ್ಲಿ ಬೇರ್ಪಡುವ ಕವಲುಗಳಲ್ಲಿ ನಿಂತಲ್ಲೇ ನಿರ್ಧರಿಸಲು ಆಗುವುದಿಲ್ಲ. ಜಿಪಿಎಸ್‌ಗೂ ಅಷ್ಟು ಸೂಕ್ಷ್ಮತೆ ಇಲ್ಲ.

ಯಾಕಿಲ್ಲ ಎಂದರೆ, ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರಿನೊಳಗೆ ಇರುತ್ತದೆ. ಬಂಡೆಗಳ ನಡುವಿನ ಕಣಿವೆಯಲ್ಲಿ ಸಂಕೇತ ಗೋಡೆಗೆ ಬಡಿದು ತಿರುಗಿ ಬರುತ್ತದೆ, ಆ ಬಳಸುದಾರಿಯನ್ನು ಸಾಧನ ದೂರವೆಂದು ಲೆಕ್ಕ ಹಾಕುತ್ತದೆ. ದಟ್ಟ ಮರಗಳ ಕೆಳಗೂ ತಪ್ಪು ಹೆಚ್ಚು. ನೀವು ಹಿಡಿದಿರುವ ಟ್ರ್ಯಾಕಿನಲ್ಲೂ ಇಂಥದೇ ತಪ್ಪು ಸೇರಿರುತ್ತದೆ. ಎರಡೂ ಸೇರಿದರೆ ನೀವು ಸರಿದಾರಿಯಲ್ಲಿದ್ದೂ ಗೆರೆ ಹತ್ತು ಹದಿನೈದು ಮೀಟರ್ ಪಕ್ಕದಲ್ಲಿ ಕಾಣಬಹುದು. ಆಗ ಗೆರೆಯ ಮೇಲೆ ಬರಲೆಂದು ದಾರಿ ಬಿಟ್ಟು ಇಳಿಯಬೇಡಿ. ಗೆರೆಯ ಪಕ್ಕದಲ್ಲಿ ಸಮಾನಾಂತರವಾಗಿ ಸಾಗುತ್ತಿದ್ದರೆ ಸರಿಯಾಗಿಯೇ ಇದ್ದೀರಿ. ಅಂತರ ಬೆಳೆಯುತ್ತಾ ಹೋದರೆ ಮಾತ್ರ ನಿಲ್ಲಿ. ದಾರಿ ತಪ್ಪಿದರೆ ಕೂಗುವ ಅಲಾರಂ ಇದ್ದರೆ ಅದನ್ನು 50 ಮೀಟರಿಗೆ ಇಡಿ. 10ಕ್ಕೆ ಇಟ್ಟರೆ ದಿನವಿಡೀ ಕೂಗುತ್ತದೆ, ನೀವು ಅದನ್ನು ಕೇಳುವುದನ್ನೇ ಬಿಡುತ್ತೀರಿ.

ನಿಂತಾಗ ಬಾಣ ಎತ್ತೆತ್ತಲೋ ತಿರುಗಿದರೆ ಗಾಬರಿ ಬೇಡ. ಜಿಪಿಎಸ್‌ಗೆ ದಿಕ್ಕು ತಿಳಿಯುವುದು ಚಲನೆಯಿಂದ. ನಾಲ್ಕು ಹೆಜ್ಜೆ ಮುಂದೆ ಹೋದರೆ ಸರಿಯಾಗುತ್ತದೆ. ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವ ಸಾಧನ ನಿಂತಲ್ಲೂ ದಿಕ್ಕು ಹೇಳುತ್ತದೆ, ಆದರೆ ಗಾಡಿಯ ಕಬ್ಬಿಣ ಮತ್ತು ಅಯಸ್ಕಾಂತದ ಸ್ಟ್ಯಾಂಡು ಅದನ್ನು ಕೆಡಿಸುತ್ತವೆ. ಕೆಳಗಿಳಿದು ಗಾಡಿಯಿಂದ ದೂರ ನಿಂತು ನೋಡಿ.

ವೇಪಾಯಿಂಟಿಗೆ ಇನ್ನು 2 ಕಿಲೋಮೀಟರ್ ಎಂದು ಸಾಧನ ತೋರಿಸಿದರೆ ಅದು ಸಾಮಾನ್ಯವಾಗಿ ಹಕ್ಕಿ ಹಾರುವ ದೂರ. ನಡುವೆ ಕಣಿವೆ ಇದ್ದರೆ ದಾರಿಯ ದೂರ ಅದರ ಮೂರರಷ್ಟಾಗಬಹುದು. ಸಂಜೆಯಾಗುತ್ತಾ ಬಂದಾಗ ಈ ಅಂಕೆ ನೋಡಿ ಧೈರ್ಯ ತಂದುಕೊಂಡು ಕತ್ತಲಲ್ಲಿ ಸಿಕ್ಕಿಬೀಳುವವರು ಬಹಳ.

ನೆಲ ಬೇರೆ ಹೇಳಿದರೆ

ಗೆರೆ ಮುಂದಕ್ಕೆ ಹೋಗುತ್ತದೆ, ದಾರಿ ಹೋಗುವುದಿಲ್ಲ. ಮಣ್ಣು ಕುಸಿದಿದೆ, ಗೇಟು ಹಾಕಿದ್ದಾರೆ, ಹಳ್ಳ ಮೊಣಕಾಲು ದಾಟಿ ಹರಿಯುತ್ತಿದೆ. ಇಂಥಲ್ಲಿ ನೆಲ ಹೇಳಿದ್ದೇ ಕೊನೆಯ ಮಾತು. ಪಕ್ಕದಲ್ಲಿ ಹೊಸ ದಾರಿ ತುಳಿಯಬೇಡಿ. ನಿಮ್ಮ ಹಿಂದೆ ಬರುವವರೆಲ್ಲ ಅದೇ ಚಕ್ರದ ಗುರುತು ಹಿಡಿಯುತ್ತಾರೆ, ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ. ಹಿಂದಿನ ಕವಲಿಗೆ ಮರಳಿ, ಮನೆಯಲ್ಲಿ ಎಳೆದಿಟ್ಟ ಅಡ್ಡದಾರಿ ತೆರೆಯಿರಿ. ಅದೂ ಆಗದಿದ್ದರೆ ಬಂದ ದಾರಿ ಇದ್ದೇ ಇದೆ: ದಾಖಲಾದ ನಿಮ್ಮದೇ ಜಾಡನ್ನು ಹಿಮ್ಮುಖವಾಗಿ ಹಿಡಿಯುವ ಸೌಲಭ್ಯ ಬಹುತೇಕ ಸಾಧನಗಳಲ್ಲಿದೆ. ಆದ್ದರಿಂದಲೇ ಕಡಿದಾದ ಇಳಿತ ಇಳಿಯುವ ಮುನ್ನ ಇದನ್ನು ಮರಳಿ ಹತ್ತಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಇಳಿದ ಮೇಲೆ ಕೇಳಿಕೊಂಡು ಪ್ರಯೋಜನವಿಲ್ಲ.

ಸಹಾಯ ಕರೆಯಬೇಕಾಗಿ ಬಂದರೆ ಅಕ್ಷಾಂಶ ರೇಖಾಂಶವನ್ನು ಒಂದೊಂದೇ ಅಂಕೆಯಾಗಿ ಓದಿ, ದಶಮಾಂಶ ಡಿಗ್ರಿ ಎಂದು ಬಾಯಿಬಿಟ್ಟು ಹೇಳಿ, ಆ ಕಡೆಯವರಿಂದ ತಿರುಗಿ ಓದಿಸಿಕೊಳ್ಳಿ. ಆಮೇಲೆ ಅಲ್ಲಿಂದ ಕದಲಬೇಡಿ.

ಮನೆಗೆ ಬಂದ ಮೇಲೆ

ದಾಖಲಾದ ಟ್ರ್ಯಾಕನ್ನು ಅದೇ ದಿನ ಕಂಪ್ಯೂಟರಿಗೆ ಇಳಿಸಿ, ಮೂಲ ಪ್ರತಿಯನ್ನು ಮುಟ್ಟದೆ ಇಟ್ಟು, ಇನ್ನೊಂದು ಪ್ರತಿಯಲ್ಲಿ ತಪ್ಪು ತಿರುವುಗಳನ್ನೂ ನಿಂತಲ್ಲಿನ ಗಿಜಿಬಿಜಿಯನ್ನೂ ಕತ್ತರಿಸಿ. ಹಂಚಿಕೊಳ್ಳುವ ಮುನ್ನ ಮನೆಯ ಸುತ್ತಲಿನ ತುಂಡನ್ನು ತೆಗೆಯಿರಿ. ಬಿಂದುಗಳ ಜೊತೆ ಸಮಯವೂ ಇರುವುದರಿಂದ ಮನೆ ಯಾವಾಗ ಖಾಲಿ ಇತ್ತೆಂಬುದೂ ಅದರಲ್ಲಿ ಬರೆದಿದೆ. ಫೈಲಿನ ಹೆಸರಿನಲ್ಲಿ ತಿಂಗಳು, ವರ್ಷ, ಯಾವ ಗಾಡಿ, ಯಾವ ದಿಕ್ಕು ಇರಲಿ. ಮಸುಕಾಗಿದ್ದ ದಾರಿ, ಹೊಸ ಗೇಟು, ಹಳ್ಳದ ನೀರು ಎಷ್ಟಿತ್ತು ಎಂಬುದನ್ನು ಆಯಾ ವೇಪಾಯಿಂಟಿನ ಟಿಪ್ಪಣಿಯಲ್ಲಿ ಬರೆಯಿರಿ. ಮುಂದಿನ ಸಲ ಆ ಫೈಲು ತೆರೆಯುವವರಿಗೆ ಗೆರೆಗಿಂತ ಈ ಟಿಪ್ಪಣಿಗಳೇ ಹೆಚ್ಚು ಬೇಕಾಗುತ್ತವೆ.